ಏಪ್ರಿಲ್: ಲೆಕ್ಕ ಕೇಳುವ ತಿಂಗಳು

(ಚನ್ನಪಟ್ಟಣದಲ್ಲಿ ಗಿರಣಿ ಕೆಲಸಗಾರರೂ ಸಣ್ಣ ವರ್ತಕರೂ ಕೂಡಿದ್ದ ಸಭೆಯಲ್ಲಿ ಮಾಡಿದ ಭಾಷಣ)



ತಿಂಗಳಿಗೊಂದು ಭಾಷಣವೆಂಬ ಈ ಮಾಲೆಯಲ್ಲಿ ನನ್ನ ಪಾಲಿಗೆ ಬಂದಿರುವುದು ಏಪ್ರಿಲ್ ತಿಂಗಳು. ಮೇ ತಿಂಗಳು ಸಿಕ್ಕಿದ್ದರೆ ಸುಲಭವಾಗುತ್ತಿತ್ತು. ಚಿಕಾಗೋ, ಎಂಟು ಗಂಟೆಯ ದುಡಿಮೆ, ಕೆಂಬಾವುಟ ಎಂದು ಹೇಳಿ ನಿಮ್ಮ ಚಪ್ಪಾಳೆ ಗಿಟ್ಟಿಸಬಹುದಿತ್ತು. ಏಪ್ರಿಲ್ ಎಂದೊಡನೆ ನಮ್ಮ ಜನಕ್ಕೆ ನೆನಪಾಗುವುದು ಎರಡೇ ಸಂಗತಿ: ಒಂದು ಮೂರ್ಖರ ದಿನ, ಇನ್ನೊಂದು ತೆರಿಗೆಯವರ ನೋಟೀಸು. ಎರಡಕ್ಕೂ ನಂಟು ಇದೆಯೆಂದು ಯಾರಾದರೂ ಭಾವಿಸಿದರೆ ಅದಕ್ಕೆ ನಾನು ಜವಾಬ್ದಾರನಲ್ಲ.

ಆದರೂ ಈ ತಿಂಗಳ ಚರಿತ್ರೆಯನ್ನು ಮಗುಚಿ ನೋಡುತ್ತ ಹೋದಾಗ ನನಗೆ ಒಂದು ವಿಷಯ ಎದ್ದು ಕಂಡಿತು. ಸರ್ಕಾರಗಳು ತಮ್ಮ ಹೊಸ ಲೆಕ್ಕ ತೆರೆಯುವುದು ಈ ತಿಂಗಳಲ್ಲಿ. ಜನರು ಸರ್ಕಾರವನ್ನೂ ಒಡೆಯರನ್ನೂ ಎದುರಿಗೆ ನಿಲ್ಲಿಸಿಕೊಂಡು ಲೆಕ್ಕ ಕೇಳಿದ್ದೂ ಹಲವು ಸಲ ಇದೇ ತಿಂಗಳಲ್ಲಿ. ಅಳತೆಯ ಕೋಲು ಯಾರ ಕೈಯಲ್ಲಿರಬೇಕು ಎಂಬ ಪ್ರಶ್ನೆ ಈ ತಿಂಗಳಲ್ಲಿ ಮತ್ತೆ ಮತ್ತೆ ಎದ್ದಿದೆ. ಆ ದಾರಿ ಹಿಡಿದೇ ನಾನು ಮಾತನಾಡುತ್ತೇನೆ.

ಮೊದಲು ಹೆಸರು. ಇದು ರೋಮನರು ಇಟ್ಟ ಹೆಸರು. ಅವರ ಬಹು ಹಳೆಯ ಪಂಚಾಂಗದಲ್ಲಿ ವರ್ಷ ಮಾರ್ಚಿಯಲ್ಲಿ ಮೊದಲಾಗುತ್ತಿತ್ತು, ಇದ್ದದ್ದು ಹತ್ತೇ ತಿಂಗಳು. ಆ ಎಣಿಕೆಯಲ್ಲಿ ಏಪ್ರಿಲ್ ಎರಡನೆಯದು. ಸೆಪ್ಟೆಂಬರ್ ಎಂದರೆ ಏಳನೆಯದು, ಅಕ್ಟೋಬರ್ ಎಂದರೆ ಎಂಟನೆಯದು ಎಂಬ ಅರ್ಥ ಇಂದಿಗೂ ಆ ಹೆಸರುಗಳೊಳಗೆ ಉಳಿದಿರುವುದು ಆ ಹಳೆಯ ಎಣಿಕೆಯ ಗುರುತು. ಜನವರಿ, ಫೆಬ್ರವರಿಗಳನ್ನು ಸೇರಿಸಿದವನು ನ್ಯೂಮಾ ಎಂಬ ದೊರೆ ಎಂದು ಅವರ ಐತಿಹ್ಯ. ಬಳಿಕ ಜೂಲಿಯಸ್ ಸೀಸರನು ಪಂಚಾಂಗವನ್ನು ತಿದ್ದಿದಾಗ 29 ದಿನವಿದ್ದ ಏಪ್ರಿಲ್ಲಿಗೆ ಒಂದು ದಿನ ಸೇರಿ 30 ಆಯಿತು. ಲ್ಯಾಟಿನ್ ಭಾಷೆಯಲ್ಲಿ 'ತೆರೆಯುವುದು' ಎಂಬ ಅರ್ಥದ ಮಾತೊಂದಿದೆ. ಮೊಗ್ಗು ಬಿರಿದು ನೆಲ ತೆರೆದುಕೊಳ್ಳುವ ಕಾಲವಾದುದರಿಂದ ಆ ಮಾತಿನಿಂದ ಈ ಹೆಸರು ಬಂತೆಂದು ರೋಮನ್ ಪಂಡಿತರೇ ಹೇಳಿದರು. ಇನ್ನು ಕೆಲವರು ಈ ತಿಂಗಳು ವೀನಸ್ ದೇವಿಗೆ ಮೀಸಲಾದದ್ದು, ಅವಳ ಗ್ರೀಕ್ ಹೆಸರಾದ ಅಫ್ರೋಡೈಟಿಯಿಂದ ಬಂದಿರಬೇಕು ಎಂದರು. ಪಂಡಿತರ ಈ ವ್ಯಾಜ್ಯ ಇನ್ನೂ ಇತ್ಯರ್ಥವಾಗಿಲ್ಲ. ನನಗೇನೋ 'ತೆರೆಯುವುದು' ಎಂಬ ಅರ್ಥವೇ ಹಿಡಿಸಿತು. ಅಂಗಡಿ ತೆರೆಯುವವರಿಗೂ ಲೆಕ್ಕದ ಪುಸ್ತಕ ತೆರೆಯುವವರಿಗೂ ಅದು ಒಪ್ಪುತ್ತದೆ.

ತಿಂಗಳಿಗೊಂದು ಹೂವು, ತಿಂಗಳಿಗೊಂದು ಹರಳು ಎಂಬ ಪಾಶ್ಚಾತ್ಯರ ಪದ್ಧತಿಯಲ್ಲಿ ಏಪ್ರಿಲ್ಲಿಗೆ ಡೇಸಿ ಹೂವು, ವಜ್ರದ ಹರಳು. ಇದು ಋಷಿಮುನಿಗಳು ಹೇಳಿದ್ದೆಂದು ನಂಬಿ ಸಾಲ ಮಾಡಬೇಡಿ. ಈಗ ನಡೆಯುತ್ತಿರುವ ಹರಳುಗಳ ಪಟ್ಟಿಯನ್ನು ಗೊತ್ತುಮಾಡಿದ್ದು 1912ರಲ್ಲಿ ಅಮೆರಿಕದ ಆಭರಣ ವ್ಯಾಪಾರಿಗಳ ಸಂಘ. ಏಪ್ರಿಲ್ಲಿನಲ್ಲಿ ಹುಟ್ಟಿದವರು ವಜ್ರವನ್ನೇ ಧರಿಸಬೇಕೆಂದು ತೀರ್ಮಾನಿಸಿದವರು ಅದನ್ನು ಮಾರುವವರು. ವರ್ತಕ ಬಂಧುಗಳು ನಗುತ್ತಿದ್ದೀರಿ. ನಿಮಗೆ ಬೇಗ ಅರ್ಥವಾಯಿತು.

ನಮ್ಮ ಲೆಕ್ಕದಲ್ಲಿ ಇದು ಚೈತ್ರ ವೈಶಾಖಗಳು ಕೂಡುವ ಹೊತ್ತು. ಹುಣ್ಣಿಮೆಯ ಚಂದ್ರ ಚಿತ್ತಾ ನಕ್ಷತ್ರದ ಬಳಿ ನಿಲ್ಲುವ ತಿಂಗಳಾದುದರಿಂದ ಚೈತ್ರ. ಸೂರ್ಯನನ್ನು ಹಿಡಿದು ಎಣಿಸುವವರಿಗೆ ಏಪ್ರಿಲ್ 14ರ ಆಸುಪಾಸಿನಲ್ಲಿ ಮೇಷ ಸಂಕ್ರಮಣ, ಹೊಸ ವರ್ಷ; ಮಂಗಳೂರು ಕಾಸರಗೋಡುಗಳ ಕಡೆ ಅದನ್ನೇ ಬಿಸು ಎನ್ನುತ್ತಾರೆ. ನಮ್ಮ ಕಡೆ ಯುಗಾದಿಯ ಮರುದಿನ ಹೊಸತೊಡಕು ಎಂದು ಕರೆದು ಮಾಂಸದಂಗಡಿಯ ಮುಂದೆ ಸಾಲು ನಿಲ್ಲುತ್ತೇವೆ. ರೈತ ನೋಡುವುದು ಮಳೆಯ ಪಂಚಾಂಗವನ್ನು: ಅಶ್ವಿನಿ ಮುಗಿದು ಭರಣಿ ಹುಟ್ಟುವುದು ಈ ತಿಂಗಳ ಕೊನೆಗೆ, ಭರಣಿಗೂ ಧರಣಿಗೂ ಪ್ರಾಸ ಕಟ್ಟಿದ ಗಾದೆ ಇಲ್ಲಿ ಎಲ್ಲರಿಗೂ ಬಾಯಿಪಾಠ. ಮಾವು ಪೇಟೆಗೆ ಇಳಿಯುವ ಕಾಲವೂ ಇದೇ. ಆದರೆ ರೇಷ್ಮೆಯವರಿಗೆ ಇದು ಆತಂಕದ ತಿಂಗಳು. ಬಿಸಿಲು ಏರಿದರೆ ಹುಳುವಿಗೆ ಸಪ್ಪೆ ರೋಗ, ಹಾಲುತೊಂಡೆ. ಗೂಡು ತೆಳುವಾದರೆ ರೀಲರುಗಳಿಗೆ ನೂಲು ಕಡಿಮೆ. ಹುಳು ಸಾಕಿದವರ ಮನೆಯಲ್ಲಿ ಹೋದ ಬೆಳೆಯ ನಷ್ಟ, ನೂಲು ತೆಗೆಯುವವರ ಮನೆಯಲ್ಲಿ ಕೆಲಸದ ನಷ್ಟ, ಅವರಿಬ್ಬರಿಗೂ ಉದ್ದರಿ ಕೊಟ್ಟ ಅಂಗಡಿಯವರ ಪುಸ್ತಕದಲ್ಲಿ ಬಾಕಿ. ಒಂದು ಹುಳುವಿನ ಜ್ವರ ಮೂರು ಮನೆಗಳ ಲೆಕ್ಕವನ್ನು ಕೆಡಿಸುತ್ತದೆ.

ಲೆಕ್ಕ ಎಂದೆ. ನಮ್ಮ ವರ್ತಕರಲ್ಲಿ ಕೆಲವರು ಯುಗಾದಿಗೆ, ಕೆಲವರು ದೀಪಾವಳಿಯ ಪಾಡ್ಯಕ್ಕೆ ಹೊಸ ಕಿರ್ದಿಗೆ ಅರಿಸಿನ ಕುಂಕುಮ ಹಚ್ಚುತ್ತಾರೆ. ಸರ್ಕಾರದ ಕಿರ್ದಿ ಮಾತ್ರ ಏಪ್ರಿಲ್ 1ಕ್ಕೇ ಏಕೆ? ಇದಕ್ಕೆ ನಮ್ಮ ಪಂಚಾಂಗವಾಗಲಿ ನಮ್ಮ ಬೆಳೆಯಾಗಲಿ ಕಾರಣವಲ್ಲ. ಇಂಗ್ಲೆಂಡಿನಲ್ಲಿ ಬಹು ಕಾಲ ವರ್ಷ ಮೊದಲಾಗುತ್ತಿದ್ದದ್ದು ಮಾರ್ಚಿ 25ಕ್ಕೆ. ಗೇಣಿ, ಬಾಡಿಗೆ, ಸಾಲ ಎಲ್ಲವೂ ಆ ದಿನ ತೀರುವಳಿ. 1752ರಲ್ಲಿ ಅವರು ಪಂಚಾಂಗವನ್ನು ತಿದ್ದಿ 11 ದಿನಗಳನ್ನು ಬಿಟ್ಟುಬಿಟ್ಟರು. ದಿನ ಹೋದರೂ ಅಷ್ಟು ದಿನದ ತೆರಿಗೆ ಹೋಗಬಾರದಲ್ಲ! ಖಜಾನೆಯವರು ತೆರಿಗೆಯ ವರ್ಷವನ್ನು ಅಷ್ಟೇ ದಿನ ಮುಂದಕ್ಕೆ ತಳ್ಳಿದರು, ಅದು ಏಪ್ರಿಲ್ಲಿಗೆ ಬಂತು. ಇಂಡಿಯಾದಲ್ಲಿ ಬ್ರಿಟಿಷರ ಲೆಕ್ಕದ ವರ್ಷ ಮೊದಲು ಮೇ 1ಕ್ಕೆ ಶುರುವಾಗುತ್ತಿತ್ತು. ಲಂಡನ್ನಿನ ಲೆಕ್ಕಕ್ಕೆ ಹೊಂದಲೆಂದು 1867ರಲ್ಲಿ ಅದನ್ನು ಏಪ್ರಿಲ್ 1ಕ್ಕೆ ತಂದರು. ಅವರು ಹೋದರು, ತಾರೀಖು ಉಳಿಯಿತು. ಎಲ್.ಕೆ. ಝಾ ಅವರ ಸಮಿತಿ 1985ರಲ್ಲಿ ವರ್ಷವನ್ನು ಜನವರಿಗೆ ಬದಲಿಸಿರೆಂದು ಸಲಹೆ ಕೊಟ್ಟಿತು, ಅದಕ್ಕೆ ಸರ್ಕಾರ ಒಪ್ಪಲಿಲ್ಲ.

ಹೀಗಾಗಿ ಹಣಕಾಸಿನ ಹೊಸ ಏರ್ಪಾಡುಗಳೆಲ್ಲ ಈ ದಿನಕ್ಕೇ ಹುಟ್ಟುತ್ತವೆ. ರಿಜರ್ವ್ ಬ್ಯಾಂಕು ಕೆಲಸ ಆರಂಭಿಸಿದ್ದು 1935ರ ಏಪ್ರಿಲ್ 1. ಕರ್ನಾಟಕದಲ್ಲಿ ಮಾರಾಟ ತೆರಿಗೆಯ ಜಾಗಕ್ಕೆ ವ್ಯಾಟ್ ಬಂದದ್ದು 2005ರ ಏಪ್ರಿಲ್ 1. ತೂಕ ಅಳತೆಗಳ ಹೊಸ ಕಾಯಿದೆ ಜಾರಿಗೆ ಬಂದದ್ದು 2011ರ ಏಪ್ರಿಲ್ 1. ಇವುಗಳಲ್ಲೆಲ್ಲ ಸಾಮಾನ್ಯ ಜನರ ಜೇಬಿಗೆ ನೇರವಾಗಿ ಕೈಹಾಕಿದ ದಿನ ಎಂದರೆ 1957ರ ಏಪ್ರಿಲ್ 1, ನಯಾ ಪೈಸೆ ಬಂದ ದಿನ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಾಲ್ಕಾಣೆ ಎಂಟಾಣೆ ಎಂಬ ಮಾತು ನಮ್ಮ ನಾಲಿಗೆಯಿಂದ ಇನ್ನೂ ಹೋಗಿಲ್ಲ, 25 ಪೈಸೆಯ ನಾಣ್ಯ 2011ರಲ್ಲಿ ಚಲಾವಣೆಯಿಂದಲೇ ಹೋದರೂ.

ಅಲ್ಲಿಯವರೆಗೆ ರೂಪಾಯಿಗೆ 16 ಆಣೆ, ಆಣೆಗೆ 4 ಪೈಸೆ, ಪೈಸೆಗೆ 3 ಪೈ. ಈ ಲೆಕ್ಕ ಅರ್ಧ, ಕಾಲು, ಅರೆಕಾಲು, ವೀಸ ಎಂದು ಮಗ್ಗಿ ಕಲಿತ ಬಾಯಿಗೆ ಸಲೀಸು. ಅರ್ಧಕ್ಕೆ ಅರ್ಧ ಮಾಡುತ್ತ ಹೋದರೆ ಆಯಿತು. ಹೊಸ ಲೆಕ್ಕದಲ್ಲಿ ರೂಪಾಯಿಗೆ 100 ನಯಾ ಪೈಸೆ. ನಾಲ್ಕಾಣೆಗೆ 25, ಎಂಟಾಣೆಗೆ 50, ಸರಿಹೋಯಿತು. ತೊಡಕು ಬಂದದ್ದು ಒಂದಾಣೆಯಲ್ಲಿ. ಭಾಗಿಸಿ ನೋಡಿದರೆ ಒಂದಾಣೆಗೆ ಆರೂಕಾಲು ನಯಾ ಪೈಸೆ. ಕಾಲು ಪೈಸೆಯ ನಾಣ್ಯ ಇಲ್ಲ. ಸರ್ಕಾರದ ಪಟ್ಟಿ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19 ಎಂದು ಗೊತ್ತುಮಾಡಿತು. ಅಂದರೆ ಒಂದಾಣೆಯ ಸಾಮಾನಿಗೆ 6 ತೆಗೆದುಕೊಂಡರೆ ಅಂಗಡಿಯವನಿಗೆ ಕಾಲು ಪೈಸೆ ಖೋತಾ. 7 ಕೇಳಿದರೆ ಗಿರಾಕಿಗೆ ಮುಕ್ಕಾಲು ಪೈಸೆ ಖೋತಾ. ನೂರು ರೂಪಾಯಿಯ ಸರಕು ಕೊಳ್ಳುವವನಿಗೆ ಈ ತೊಂದರೆಯೇ ಇಲ್ಲ. ಒಂದೊಂದಾಣೆಯ ಕಾಫಿಪುಡಿ, ಬೆಲ್ಲ, ಸೀಮೆಎಣ್ಣೆ ಕೊಳ್ಳುವ ಕೂಲಿಯವನಿಗೆ ದಿನಕ್ಕೆ ಹತ್ತು ಸಲ ತೊಂದರೆ. ಅವನಿಗೆ ಎದುರು ನಿಂತವನು ದೊಡ್ಡ ಸಾಹುಕಾರನಲ್ಲ, ಅವನಂತೆಯೇ ಚಿಲ್ಲರೆಯಲ್ಲಿ ಬದುಕುವ ಸಣ್ಣ ಅಂಗಡಿಯವನು. ದಶಮಾನ ಪದ್ಧತಿ ಒಳ್ಳೆಯದೇ, ಇಂದು ಯಾರೂ ಹಳೆಯದನ್ನು ಬೇಡುವುದಿಲ್ಲ. ಆದರೂ ಒಂದು ಸುಧಾರಣೆಯ ಚೂರುಪಾರು ಭಾರ ಯಾರ ತಲೆಯ ಮೇಲೆ ಬೀಳುತ್ತದೆ ಎಂಬುದನ್ನು ಆ ಕಾಲು ಪೈಸೆ ತೋರಿಸಿಕೊಟ್ಟಿತು. 'ನಯಾ' ಎಂಬ ಮಾತನ್ನು 1964ರ ಜೂನಿನಲ್ಲಿ ಕೈಬಿಟ್ಟರು.

ಮೂರಾಣೆ ಎಂದಾಗ ಇನ್ನೊಂದು ನೆನಪಾಗುತ್ತದೆ. ಅದು ಏಪ್ರಿಲ್ಲಿನದಲ್ಲ, 1963ರ ಆಗಸ್ಟಿನದು, ಆದರೂ ಹೇಳಿಬಿಡುತ್ತೇನೆ. ಡಾ. ರಾಮಮನೋಹರ ಲೋಹಿಯಾ ಲೋಕಸಭೆಗೆ ಬಂದೊಡನೆ ಎತ್ತಿದ ಪ್ರಶ್ನೆ ಇದು: ಪ್ರಧಾನಮಂತ್ರಿಯ ಮೇಲೆ ದಿನಕ್ಕೆ 25,000 ರೂಪಾಯಿ ವೆಚ್ಚವಾಗುವ ದೇಶದಲ್ಲಿ 27 ಕೋಟಿ ಜನ ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಿದ್ದಾರೆ. ಸರ್ಕಾರ ಮೂರಲ್ಲ, ಹದಿನೈದಾಣೆ ಎಂದಿತು. ನಯಾ ಪೈಸೆ ಬಂದು ಆರು ವರ್ಷವಾಗಿದ್ದರೂ ಬಡವನ ಲೆಕ್ಕ ಪಾರ್ಲಿಮೆಂಟಿನಲ್ಲಿ ನಡೆದದ್ದು ಆಣೆಯಲ್ಲಿಯೇ.

ಈಗ ಉಪ್ಪಿಗೆ ಬರೋಣ. 1930ರಲ್ಲಿ ಉಪ್ಪಿನ ತೆರಿಗೆ ಮಣಕ್ಕೆ 1 ರೂಪಾಯಿ 4 ಆಣೆ. ಮಣಕ್ಕೆ 40 ಸೇರು. ಅಂದರೆ ಸೇರಿಗೆ ಅರ್ಧ ಆಣೆ. ಅರ್ಧ ಆಣೆ ಏನು ಮಹಾ ಎಂದು ಬಂಗಲೆಯಲ್ಲಿ ಕೂತವರು ಕೇಳಿದರು. ಬೆವರು ಹರಿಸಿ ದುಡಿಯುವವನಿಗೆ ಉಪ್ಪು ಹೆಚ್ಚು ಬೇಕು, ಕೂತು ತಿನ್ನುವವನಿಗೆ ಕಡಿಮೆ ಸಾಕು. ಆದುದರಿಂದ ಇದು ಬೆವರಿನ ಮೇಲಿನ ತೆರಿಗೆ. ಗಾಂಧೀಜಿ ಏಪ್ರಿಲ್ 6ರಂದು ದಂಡಿಯಲ್ಲಿ ಒಂದು ಹಿಡಿ ಉಪ್ಪು ಎತ್ತಿದರು. ಆ ತಾರೀಖನ್ನು ಅವರು ಸುಮ್ಮನೆ ಆರಿಸಿದ್ದಲ್ಲ. 1919ರಲ್ಲಿ ರೌಲತ್ ಕಾಯಿದೆಗೆ ಎದುರಾಗಿ ದೇಶವೆಲ್ಲ ಅಂಗಡಿ ಮುಚ್ಚಿದ್ದು ಏಪ್ರಿಲ್ 6. ಅಮೃತಸರದ ಜಲಿಯನ್ ವಾಲಾ ಬಾಗಿನಲ್ಲಿ ಗುಂಡು ಹಾರಿಸಿದ್ದು ಏಪ್ರಿಲ್ 13. ಆ ಒಂದು ವಾರವನ್ನು ರಾಷ್ಟ್ರೀಯ ಸಪ್ತಾಹವೆಂದು ಆಚರಿಸುವ ರೂಢಿ ಆಗಲೇ ಬೆಳೆದಿತ್ತು. ನಮ್ಮ ಕರ್ನಾಟಕದಲ್ಲಿ ಉತ್ತರ ಕನ್ನಡದ ಅಂಕೋಲೆಯ ಕಡಲ ದಂಡೆಯಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಉಪ್ಪಿನ ಕಾಯಿದೆ ಮುರಿದದ್ದು 1930ರ ಅದೇ ಏಪ್ರಿಲ್ 13. ಉತ್ತರ ಕನ್ನಡ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಉಪ್ಪಿನ ತೆರಿಗೆ ಹೋಗಲು 1947 ಬರಬೇಕಾಯಿತು.

ಜಲಿಯನ್ ವಾಲಾ ಬಾಗಿನ ವಿಷಯದಲ್ಲಿ ನಿಮ್ಮ ಗಮನಕ್ಕೆ ತರಬೇಕಾದದ್ದು ಸತ್ತವರ ಲೆಕ್ಕ. ಜನರಲ್ ಡಯರ್ ಹಾರಿಸಿದ ಗುಂಡುಗಳು 1,650. ಗುಂಡಿನ ಲೆಕ್ಕ ಪಕ್ಕಾ ಇತ್ತು, ಏಕೆಂದರೆ ಗುಂಡಿಗೆ ಬೆಲೆ ಇದೆ, ಅದರ ಲೆಕ್ಕ ಒಪ್ಪಿಸಬೇಕು. ಹೆಣಗಳ ಲೆಕ್ಕ ಮಾತ್ರ ಎರಡು ಬಗೆ: ಸರ್ಕಾರದ್ದು 379, ಕಾಂಗ್ರೆಸ್ಸಿನ ವಿಚಾರಣೆಯದು ಸಾವಿರದ ಹತ್ತಿರ.

ಇಂಥದೇ ಎರಡು ಲೆಕ್ಕ ನಮ್ಮ ಮೈಸೂರು ಸಂಸ್ಥಾನದಲ್ಲಿಯೂ ನಡೆಯಿತು. ಇಲ್ಲಿಂದ ಮೈಸೂರು ರಸ್ತೆ ಹಿಡಿದು ನಿಡಘಟ್ಟ ದಾಟಿ ಮದ್ದೂರಿಗೆ ಹೋದರೆ ಶಿವಪುರ. 1938ರ ಏಪ್ರಿಲ್ಲಿನಲ್ಲಿ ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನ ಅಲ್ಲಿ ಟಿ. ಸಿದ್ಧಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಸೇರಿತು. ರಾಷ್ಟ್ರಧ್ವಜ ಹಾರಿಸಕೂಡದೆಂದು ಮೆಜಿಸ್ಟ್ರೇಟರ ಹುಕುಂ. ಆಜ್ಞೆಯನ್ನು ಮೀರಿ ಬಾವುಟ ಏರಿತು, ಮುಖಂಡರು ಜೈಲಿಗೆ ಹೋದರು. ಆ ಕಿಡಿ ಊರಿಂದೂರಿಗೆ ಹಾರಿತು. ಅದೇ ತಿಂಗಳ 25ರಂದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ, ಜಾತ್ರೆಯ ಕಾಲದಲ್ಲಿ ಬಾವುಟ ಹಾರಿಸಲು ಕೂಡಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸರ್ಕಾರದ ಲೆಕ್ಕದಲ್ಲಿ ಸತ್ತವರು 10, ಜನರ ಲೆಕ್ಕದಲ್ಲಿ 30ಕ್ಕೂ ಮೇಲೆ. ಗಾಂಧೀಜಿ ಕಳುಹಿಸಿದ ಸರ್ದಾರ್ ಪಟೇಲರೂ ಆಚಾರ್ಯ ಕೃಪಲಾನಿಯವರೂ ಬಂದು ದಿವಾನ್ ಸರ್ ಮಿರ್ಜಾ ಇಸ್ಮಾಯಿಲರೊಡನೆ ಮಾತನಾಡಿದ ಮೇಲೆ ಮೇ ತಿಂಗಳಲ್ಲಿ ಒಪ್ಪಂದವಾಯಿತು; ಸಂಸ್ಥಾನದ ಬಾವುಟದ ಜೊತೆಗೆ ರಾಷ್ಟ್ರಧ್ವಜವನ್ನೂ ಹಾರಿಸಬಹುದೆಂದಾಯಿತು. ಒಂದು ತಿಂಗಳ ಹಿಂದೆ ಅಪರಾಧವಾಗಿದ್ದದ್ದು ಈಗ ಅನುಮತಿ ಇರುವ ಕೆಲಸವಾಯಿತು. ನಡುವೆ ಬಿದ್ದ ಹೆಣಗಳ ಸಂಖ್ಯೆಯಲ್ಲಿ ಒಮ್ಮತ ಮಾತ್ರ ಬರಲಿಲ್ಲ.

ಸಂಗಾತಿಗಳೇ, ಈ ತನಕ ಹೇಳಿದ್ದು ಪರದೇಶದ ಸರ್ಕಾರ ಮತ್ತು ಅರಸರ ಸರ್ಕಾರದ ಮಾತು. ಈಗ ಸ್ವತಂತ್ರ ಸರ್ಕಾರದ ಕಾಲದ ಒಂದು ಏಪ್ರಿಲ್ಲಿಗೆ ಬರುತ್ತೇನೆ. 1951ರ ಏಪ್ರಿಲ್ 18. ಆ ಒಂದೇ ದಿನ ಈ ದೇಶದಲ್ಲಿ ಎರಡು ಕಡೆ ಭೂಮಿಯ ಮಾತು ಎದ್ದಿತು. ತೆಲಂಗಾಣದ ಪೋಚಂಪಳ್ಳಿಯಲ್ಲಿ ವಿನೋಬಾ ಭಾವೆಯವರ ಮುಂದೆ 40 ಹರಿಜನ ಕುಟುಂಬಗಳು ತಮಗೆ 80 ಎಕರೆ ಬೇಕೆಂದು ಕೇಳಿದವು. ವೆದಿರೆ ರಾಮಚಂದ್ರ ರೆಡ್ಡಿ ಎಂಬ ಜಮೀನುದಾರರು ಎದ್ದು ನಿಂತು 100 ಎಕರೆ ಕೊಟ್ಟರು. ಭೂದಾನ ಹುಟ್ಟಿದ್ದು ಹಾಗೆ. ಅದೇ ದಿನ ನಮ್ಮ ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ನೇಗಿಲು ಹೊತ್ತು ಗದ್ದೆಗೆ ಇಳಿದರು. ಅಲ್ಲಿ ಯಾರೂ ಎದ್ದು ನಿಂತು ದಾನ ಕೊಡಲಿಲ್ಲ. ಪೊಲೀಸರು ಬಂದರು.

ಕಾಗೋಡಿನ ಜಗಳ ಎಲ್ಲಿಂದ ಹುಟ್ಟಿತು ಎಂಬುದನ್ನು ತಕ್ಕಡಿ ಹಿಡಿಯುವ ನೀವು ಚೆನ್ನಾಗಿ ತಿಳಿಯಬಲ್ಲಿರಿ. ಅದು ಹುಟ್ಟಿದ್ದು ಒಂದು ಕೊಳಗದಿಂದ. ಗೇಣಿ ಬತ್ತವನ್ನು ಕೊಳಗದಲ್ಲಿ ಅಳೆದು ಒಡೆಯರಿಗೆ ಕೊಡಬೇಕು. ಅಳೆಯುವ ಕೊಳಗ ಯಾರದ್ದು? ಒಡೆಯರದ್ದು. ರೈತ ಪೇಟೆಯಲ್ಲಿ ಕಾಣುವ ಕೊಳಗಕ್ಕಿಂತ ಅದು ದೊಡ್ಡದು. ಬಾಯಲ್ಲಿ ಹೇಳುವ ಗೇಣಿಯ ಸಂಖ್ಯೆ ಹೆಚ್ಚುವುದಿಲ್ಲ, ಪತ್ರದಲ್ಲಿ ಬರೆದ ಕೊಳಗದ ಲೆಕ್ಕವೂ ತಪ್ಪುವುದಿಲ್ಲ. ಪಾತ್ರೆಯ ಹೊಟ್ಟೆ ಮಾತ್ರ ಬೆಳೆದಿರುತ್ತದೆ. ಇದರ ಮೇಲೆ ಬಿಟ್ಟಿಚಾಕರಿ, ಒಡೆಯರ ಮುಂದೆ ಮೊಣಕಾಲಿನಿಂದ ಕೆಳಗೆ ಪಂಚೆ ಇಳಿಸಬಾರದೆಂಬಂಥ ಕಟ್ಟುಪಾಡು. ಗೇಣಿದಾರರು ಬಹುಪಾಲು ದೀವರ ಜನ. ಎಚ್. ಗಣಪತಿಯಪ್ಪನವರು ಸಾಗರ ತಾಲ್ಲೂಕಿನಲ್ಲಿ ರೈತ ಸಂಘ ಕಟ್ಟಿದರು. ಅದು ಕೇಳಿದ್ದರಲ್ಲಿ ಮೊದಲನೆಯದು ಕ್ರಾಂತಿಯೂ ಅಲ್ಲ, ಒಡೆಯರ ಆಸ್ತಿಯೂ ಅಲ್ಲ: ಸರ್ಕಾರದ ಮುದ್ರೆ ಇರುವ ಕೊಳಗದಲ್ಲಿ ಅಳೆಯಿರಿ, ಕೊಟ್ಟದ್ದಕ್ಕೆ ರಸೀತಿ ಕೊಡಿ. ಇಷ್ಟು ಕೇಳಿದ್ದಕ್ಕೆ ಒಡೆಯರು ಕೊಟ್ಟ ಉತ್ತರ, ಗದ್ದೆ ಬಿಟ್ಟು ಹೋಗಿ ಎಂಬುದು.

ನೋಡಿ, ಇಂಥ ಸಣ್ಣ ಬೇಡಿಕೆಗೆ ಅಷ್ಟು ದೊಡ್ಡ ಸಿಟ್ಟು ಏಕೆ? ಒಂದು ಸೇರು ಬತ್ತ ಹೆಚ್ಚುಕಡಿಮೆಯಾದರೆ ಒಡೆಯರು ಬಡವಾಗುತ್ತಿರಲಿಲ್ಲ. ನನ್ನ ತಿಳಿವಳಿಕೆಯಂತೆ ಅವರಿಗೆ ಬತ್ತಕ್ಕಿಂತ ಹೆಚ್ಚಾಗಿ ಬೇಕಾಗಿದ್ದದ್ದು ಕೊಳಗ. ಅಳೆಯುವ ಅಧಿಕಾರ ಕೈಬಿಟ್ಟರೆ ಆಳುವ ಅಧಿಕಾರ ಉಳಿಯುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಬತ್ತದ ಪ್ರಶ್ನೆಯಾಗಿ ಮೊದಲಾದದ್ದು ನೆಲದ ಪ್ರಶ್ನೆಯಾಯಿತು. ಉಳುವವನೇ ಹೊಲದೊಡೆಯ ಎಂಬ ಕೂಗು ಎದ್ದಿತು. ಸಮಾಜವಾದಿ ಪಕ್ಷ, ಶಾಂತವೇರಿ ಗೋಪಾಲಗೌಡರ ನಾಯಕತ್ವದಲ್ಲಿ, ಆ ಹೋರಾಟವನ್ನು ತನ್ನದಾಗಿ ಮಾಡಿಕೊಂಡಿತು. ಅವರಿಗೆ ಆಗ ಮೂವತ್ತು ವರ್ಷವೂ ತುಂಬಿರಲಿಲ್ಲ. ತಂಡ ತಂಡವಾಗಿ ಜನ ಗದ್ದೆಗೆ ಇಳಿದು ಬಂಧನಕ್ಕೊಳಗಾದರು, ಹೆಂಗಸರೂ ಹಿಂದೆ ಬೀಳಲಿಲ್ಲ. ಜೂನಿನಲ್ಲಿ ಲೋಹಿಯಾ ಅವರೇ ಬಂದರು, ಅವರನ್ನೂ ಹಿಡಿದರು.

ಆಗ ಮೈಸೂರಿನ ಮುಖ್ಯಮಂತ್ರಿ ಯಾರು? ಕೆ.ಸಿ. ರೆಡ್ಡಿಯವರು. 1938ರಲ್ಲಿ ಧ್ವಜಕ್ಕಾಗಿ ಹೋರಾಡಿದ ಮೈಸೂರು ಕಾಂಗ್ರೆಸ್ಸಿನ ಮುಂದಾಳುಗಳಲ್ಲಿ ಒಬ್ಬರು. ಅವರ ತ್ಯಾಗವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ 13 ವರ್ಷಗಳಲ್ಲಿ ಏನಾಯಿತು ಎಂಬುದನ್ನು ಹೇಳದೆ ಇರಲಾರೆ: ಬಾವುಟ ಹಾರಿಸಲು ಅಪ್ಪಣೆ ಏಕೆ ಎಂದು ಕೇಳಿದ ಪಕ್ಷ ಗದ್ದೆ ಉಳಲು ಅಪ್ಪಣೆ ಬೇಕು ಎಂದಿತು. 1952ರ ಚುನಾವಣೆಯಲ್ಲಿ ಸಾಗರ, ಹೊಸನಗರದ ಜನ ಗೋಪಾಲಗೌಡರನ್ನು ವಿಧಾನಸಭೆಗೆ ಕಳುಹಿಸಿ ತಮ್ಮ ಉತ್ತರ ಕೊಟ್ಟರು. ಗೇಣಿ ಪದ್ಧತಿಯನ್ನೇ ಕಿತ್ತುಹಾಕುವ ಭೂಸುಧಾರಣೆಯ ತಿದ್ದುಪಡಿ ದೇವರಾಜ ಅರಸರ ಕಾಲದಲ್ಲಿ, 1974ರ ಮಾರ್ಚಿ 1ರಿಂದ ಜಾರಿಗೆ ಬಂತು. ಗೋಪಾಲಗೌಡರು 1972ರಲ್ಲಿಯೇ ತೀರಿಕೊಂಡಿದ್ದರು. ಭೂದಾನದಲ್ಲಿ ಸಿಕ್ಕ ಭೂಮಿ ಲಕ್ಷಾಂತರ ಎಕರೆ ಎಂದು ಕಾಗದದಲ್ಲಿದೆ, ಅದರಲ್ಲಿ ಬಹಳಷ್ಟು ಉಳಲು ಬಾರದ ನೆಲವೆಂದೂ ಹಂಚದೆ ಉಳಿಯಿತೆಂದೂ ಬಲ್ಲವರೇ ಹೇಳಿದ್ದಾರೆ. ದಾನ ಕೊಟ್ಟವನೇ ಅಳತೆಗೋಲನ್ನೂ ಹಿಡಿದಿದ್ದರೆ ಹೀಗಾಗುವುದು ಸಹಜ.

ಅಳತೆಯ ವಿಷಯದಲ್ಲಿ ನಮ್ಮ ನಾಡು ಬಹಳ ಹಿಂದೆಯೇ ಯೋಚಿಸಿತ್ತು. ಬಸವ ಜಯಂತಿ ವೈಶಾಖ ಶುದ್ಧ ತದಿಗೆಗೆ ಬರುತ್ತದೆ, ಕೆಲವು ವರ್ಷ ಏಪ್ರಿಲ್ಲಿನಲ್ಲಿ, ಕೆಲವು ವರ್ಷ ಮೇ ತಿಂಗಳಲ್ಲಿ. ಆ ದಿನ ಮೆರವಣಿಗೆ ಮಾಡುವವರು ಆಯ್ದಕ್ಕಿ ಲಕ್ಕಮ್ಮನನ್ನು ನೆನೆಯುವುದು ಕಡಿಮೆ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತಂದು ಬದುಕುತ್ತಿದ್ದ ಗಂಡ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಇಷ್ಟು ನಮಗೆ ಬೇಡ, ಹೋಗಿ ಅಲ್ಲಿಯೇ ಸುರಿದು ಬಾ ಎಂದವಳು ಆಕೆ. ಒಡೆಯ ಕೊಳಗವನ್ನು ಹಿಗ್ಗಿಸಿದ. ಈಕೆ ತನ್ನ ಮನೆಯ ಕೊಳಗವನ್ನು ಹಿಗ್ಗಲು ಬಿಡಲಿಲ್ಲ.

ಏಪ್ರಿಲ್ 14 ಡಾ. ಅಂಬೇಡ್ಕರರು ಹುಟ್ಟಿದ ದಿನ, 1891. ಸಂವಿಧಾನದ ವಿಷಯ ಎಲ್ಲರೂ ಹೇಳುತ್ತಾರೆ, ನಾನು ಹೇಳುವುದಿಲ್ಲ. ಅವರು ಮೊದಲಿಗೆ ಅರ್ಥಶಾಸ್ತ್ರದ ಪಂಡಿತರು. ರೂಪಾಯಿಯ ಸಮಸ್ಯೆಯ ಮೇಲೆ ಅವರು ಬರೆದ ಪುಸ್ತಕ 1923ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. 1942ರಿಂದ 1946ರವರೆಗೆ ವೈಸರಾಯರ ಮಂಡಲಿಯಲ್ಲಿ ಕಾರ್ಮಿಕ ಖಾತೆ ಅವರದ್ದು. ಕಾರ್ಖಾನೆಯ ಕೆಲಸ ವಾರಕ್ಕೆ 54 ಗಂಟೆ ಇದ್ದದ್ದು 48ಕ್ಕೆ ಇಳಿದ 1946ರ ತಿದ್ದುಪಡಿ ಆ ಕಾಲದ್ದು. ಜಯಂತಿಯ ದಿನ ಅವರ ಪಟಕ್ಕೆ ಹಾರ ಹಾಕುವ ಗಿರಣಿ ಕೆಲಸಗಾರರಲ್ಲಿ ಎಷ್ಟು ಜನರಿಗೆ ಆ ಆರು ಗಂಟೆಯ ವಿಷಯ ಗೊತ್ತು?

ಕಾರ್ಮಿಕರ ಕಾಯಿದೆಗಳಿಗೂ ಈ ತಿಂಗಳಿಗೂ ಇರುವ ನಂಟು ವಿಚಿತ್ರ. ಸಂಬಳವನ್ನು ಹೊತ್ತಿಗೆ ಸರಿಯಾಗಿ, ಸಾವಿರಕ್ಕಿಂತ ಕಡಿಮೆ ಜನರಿರುವ ಕಾರ್ಖಾನೆಯಲ್ಲಿ ಏಳನೆಯ ತಾರೀಖಿನೊಳಗೆ, ಕೊಡಬೇಕೆಂಬ ಕಾಯಿದೆ ಆದದ್ದು 1936ರ ಏಪ್ರಿಲ್ 23. ಕೈಗಾರಿಕಾ ವಿವಾದಗಳ ಕಾಯಿದೆ ಜಾರಿಯಾದದ್ದು 1947ರ ಏಪ್ರಿಲ್ 1. ಕಾಯಿಲೆ ಬಿದ್ದವನಿಗೆ ಚಿಕಿತ್ಸೆ ಕೊಡುವ ರಾಜ್ಯ ವಿಮೆಯ ಕಾಯಿದೆ 1948ರ ಏಪ್ರಿಲ್ 19. ಕಾರ್ಖಾನೆಗಳ ಕಾಯಿದೆ 1949ರ ಏಪ್ರಿಲ್ 1ರಿಂದ ನಡೆಯಿತು: ದಿನಕ್ಕೆ 9 ಗಂಟೆಗೆ ಮೀರದಂತೆ, ವಾರಕ್ಕೆ 48ಕ್ಕೆ ಮೀರದಂತೆ. 2025ರ ನವೆಂಬರ್ 21ರಿಂದ ಈ ಹಳೆಯ ಕಾಯಿದೆಗಳೆಲ್ಲ ನಾಲ್ಕು ಸಂಹಿತೆಗಳೊಳಗೆ ಸೇರಿಹೋಗಿವೆ. ಅದಕ್ಕೆ ಮೊದಲೇ, 2023ರಲ್ಲಿ, ನಮ್ಮ ರಾಜ್ಯದ ಶಾಸನಸಭೆ ದಿನದ ದುಡಿಮೆಯನ್ನು 12 ಗಂಟೆಯವರೆಗೆ ಎಳೆಯಬಹುದೆಂದೂ, ಮೂರು ತಿಂಗಳಿಗೆ 75 ಗಂಟೆಯಿದ್ದ ಓವರ್‌ಟೈಮಿನ ಮಿತಿಯನ್ನು 144 ಮಾಡಬಹುದೆಂದೂ ತಿದ್ದುಪಡಿ ಮಾಡಿತು. ವಾರದ 48 ಗಂಟೆಗೆ ಕೈಹಾಕಿಲ್ಲ, ಕೆಲಸಗಾರನ ಒಪ್ಪಿಗೆ ಪಡೆಯಬೇಕು ಎನ್ನುತ್ತಾರೆ. ಕಾಗೋಡಿನ ಒಡೆಯರೂ ಕೊಳಗಗಳ ಸಂಖ್ಯೆಗೆ ಕೈಹಾಕಿರಲಿಲ್ಲ. ಹಂಗಾಮಿ ಕೆಲಸಗಾರನೊಬ್ಬ ಮೇಸ್ತ್ರಿಯ ಎದುರು ನಿಂತು ಒಪ್ಪಿಗೆ ಇಲ್ಲ ಎನ್ನಬಲ್ಲನೇ ಎಂಬುದನ್ನು ನೀವೇ ಹೇಳಿ.

ಚನ್ನಪಟ್ಟಣದಲ್ಲಿ ಸ್ಪನ್ ಸಿಲ್ಕ್ ಗಿರಣಿಯ ಶಿಳ್ಳೆಯಿಂದ ಹೊತ್ತು ತಿಳಿಯುತ್ತಿದ್ದ ಕಾಲವೊಂದಿತ್ತು. ಇಂದು ದುಡಿಮೆ ಚದುರಿದೆ: ಫಿಲೇಚರುಗಳಲ್ಲಿ, ಆಲೆ ಮರದ ಬೊಂಬೆ ಕಡೆಯುವ ಮನೆಗಳಲ್ಲಿ, ಬೆಳಗ್ಗೆ ಬಸ್ಸು ಹತ್ತಿ ಹೋಗುವ ಗಾರ್ಮೆಂಟ್ಸುಗಳಲ್ಲಿ. ಶಿಳ್ಳೆ ಇಲ್ಲದ ಕಡೆ ಗಂಟೆ ಎಣಿಸುವವರು ಯಾರು? ತುಂಡಿನ ಲೆಕ್ಕದಲ್ಲಿ ಕೂಲಿ ಪಡೆಯುವವನಿಗೆ ಓವರ್‌ಟೈಮೇ ಇಲ್ಲ. ಅವನ ಗಂಟೆಗಳು ಯಾರ ಪುಸ್ತಕದಲ್ಲಿಯೂ ಏರುವುದಿಲ್ಲ. ರೇಷ್ಮೆಯಲ್ಲಿ 1959ರ ಕಾಯಿದೆಯಿಂದ ಒಂದು ಒಳ್ಳೆಯ ಕೆಲಸವಾಯಿತು. ಗೂಡನ್ನು ಸರ್ಕಾರಿ ಮಾರುಕಟ್ಟೆಗೆ ತಂದು, ಎಲ್ಲರ ಕಣ್ಣೆದುರು ಹರಾಜಾಗಿ, ತೂಗಿ ಮಾರಬೇಕೆಂದಾಯಿತು. ಗೂಡಿಗೆ ಸಿಕ್ಕ ಆ ಬಯಲಿನ ತಕ್ಕಡಿ ಗೂಡು ಬಿಚ್ಚುವ ಕೈಗಳಿಗೆ ಸಿಕ್ಕಿಲ್ಲ.

ಇನ್ನು ಕೆಲಸದ ಮಾತು. ಈ ರಾಜ್ಯದಲ್ಲಿ ಕನಿಷ್ಠ ಕೂಲಿಯ ಜೊತೆ ಕೊಡುವ ತುಟ್ಟಿಭತ್ಯ ಏರುತ್ತ ಬಂದಿರುವುದು ವರ್ಷಕ್ಕೊಮ್ಮೆ, ಏಪ್ರಿಲ್ 1ರಿಂದ. ಬೆಲೆಗಳ ಸೂಚ್ಯಂಕ ಎಷ್ಟು ಅಂಶ ಏರಿತೋ ಅಷ್ಟರ ಮೇಲೆ ಲೆಕ್ಕ. ಸರ್ಕಾರದ ಪ್ರಕಟಣೆ ಕಾಗದದಲ್ಲಿ ಬರುತ್ತದೆ, ಸಂಬಳದ ಚೀಟಿಯಲ್ಲಿ ಬರುವುದು ಎಷ್ಟೋ ಕಡೆ ತಡ, ಕೆಲವು ಕಡೆ ಬರುವುದೇ ಇಲ್ಲ. ಕೆಲಸಗಾರ ಕೇಳುವುದಿಲ್ಲ, ಏಕೆಂದರೆ ಎಷ್ಟು ಬರಬೇಕೆಂದು ಅವನಿಗೆ ತಿಳಿದಿಲ್ಲ. ಅಂಗಡಿಯವರು ಇದು ತಮಗೆ ಸಂಬಂಧಿಸಿದ್ದಲ್ಲವೆಂದು ಸುಮ್ಮನಿರಬಾರದು. ಅವನಿಗೆ ಬರಬೇಕಾದ ಆ ಬಾಕಿಯೇ ನಿಮ್ಮ ಉದ್ದರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ನಿಂತಿರುವ ಬಾಕಿ. ಸಂಬಳ ಹತ್ತು ದಿನ ತಡವಾದರೆ ಬಡ್ಡಿಯಿಲ್ಲದೆ ಅವನ ಮಾಲೀಕನಿಗೆ ಸಾಲ ಕೊಟ್ಟವರು ನೀವು. ಹಾಗೆಯೇ ವರ್ತಕರಿಗೂ ಒಂದು ಮಾತು: ನಿಮ್ಮ ತಕ್ಕಡಿ, ಬಟ್ಟುಗಳ ಮೇಲೆ ಇಲಾಖೆಯ ಮುದ್ರೆಯ ಅವಧಿ ತೀರಿದೆಯೇ ನೋಡಿಕೊಳ್ಳಿ. ದೊಡ್ಡ ಕೊಳಗದ ವಿರುದ್ಧ ಮಾತನಾಡುವವರು ಸಣ್ಣ ಸೇರು ಇಟ್ಟುಕೊಂಡಿರಬಾರದು.

ಆದುದರಿಂದ ಮುಂದಿನ ಭಾನುವಾರ ಸಂಜೆ ಇದೇ ಜಾಗಕ್ಕೆ ಬರುವಾಗ ಕೆಲಸಗಾರರು ಮಾರ್ಚಿ ತಿಂಗಳ ಮತ್ತು ಏಪ್ರಿಲ್ ತಿಂಗಳ ಸಂಬಳದ ಚೀಟಿ ಎರಡನ್ನೂ ತನ್ನಿ. ಚೀಟಿಯೇ ಕೊಡದ ಕಡೆ ದುಡಿಯುವವರು ದಿನಕ್ಕೆ ಎಷ್ಟು ಗಂಟೆ, ಎಷ್ಟು ಕೂಲಿ ಎಂದು ಒಂದು ಹಾಳೆಯಲ್ಲಿ ಬರೆದು ತನ್ನಿ. ಬರೆಯಲು ಬಾರದವರು ಶಾಲೆಗೆ ಹೋಗುವ ಮಕ್ಕಳ ಕೈಲಿ ಬರೆಸಿ. ಅಂಗಡಿಯವರಲ್ಲಿ ಲೆಕ್ಕ ಬಲ್ಲ ನಾಲ್ಕು ಜನ ಪೆನ್ಸಿಲು ತಂದು ಕೂತರೆ ಸಾಕು. ಸರ್ಕಾರದ ಪ್ರಕಟಣೆಯ ಪ್ರತಿಯನ್ನು ನಾನು ತರುತ್ತೇನೆ. ಎರಡನ್ನೂ ಪಕ್ಕಪಕ್ಕ ಇಟ್ಟು ಕೂಡಿ ಕಳೆದು ನೋಡೋಣ.